ಮುಂದಿನಿಂದಲೋ, ಹಿಂದಿನಿಂದಲೋ

ನನ್ನಂಥ ಪುಕ್ಕಲ ಮಾನ್ವಿಯಲ್ಲಿ ಇನ್ನೊಬ್ಬನಿಲ್ಲ. ಊರಿಗೆ ಇದು ಗೊತ್ತಿಲ್ಲ. ನಾನು ಹೈಸ್ಕೂಲಿನ ಗಣಿತದ ಮಾಸ್ತರ, ಹೆದರಿಸುವುದೇ ನನ್ನ ಕಸುಬು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಕೊರಳು ಬಾಗಿ ಬಾಗಿ ಗದ್ದ ಎದೆಗೆ ಬಂದು ಕೂತಿತು. ಬಜಾರಿನಲ್ಲಿ ಜನರನ್ನು ಚಪ್ಪಲಿ ನೋಡಿ ಗುರುತಿಸುತ್ತಿದ್ದೆ. ಜೊತೆಗೆ ಎರಡೂ ಕೈ ಜೋಮು. ರಾಯಚೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬಿನ ಮಣಿಗಳ ನಡುವಿನ ಮೆತ್ತೆ ಸವೆದು ನರ ಒತ್ತುತ್ತಿದೆ, ಬಿಟ್ಟರೆ ಕೈ ಹೋಗುತ್ತದೆ, ಆಮೇಲೆ ಕಾಲು ಎಂದು ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ಸರ್ಜನ್ನರು ದಾರಿಗಳನ್ನು ವಿವರಿಸಿದರು. ಗಂಟಲ ಕಡೆಯಿಂದ ಕೊಯ್ದು, ಸವೆದ ಮೆತ್ತೆ ತೆಗೆದು, ಟೊಂಕದ ಎಲುಬಿನ ತುಂಡು ಕೂರಿಸುವುದು ಒಂದು. ಹಿಂದಿನಿಂದ ಕೊಯ್ದು ಮಣಿಗಳನ್ನು ತಂತಿಯಿಂದ ಬಿಗಿಯುವುದು ಇನ್ನೊಂದು. ಕೆಲವರಿಗೆ ಎರಡೂ. ನನಗೆ ಮುಂದಿನಿಂದಲೇ ಆಗಬೇಕಂತೆ.

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕಂಡಕಂಡವರನ್ನು ಕೇಳಿದೆ. ಅಕ್ಕಿ ಗಿರಣಿಯ ಸಾಹುಕಾರರು ಮುಂದಿನಿಂದ ಬೇಡ, ಅನ್ನ ಇಳಿಯುವ ದಾರಿ ಎಂದರು. ಮಲ್ಲಟದ ಬಸ್ಸಿನ ಕಂಡಕ್ಟರು ಹಿಂದಿನಿಂದ ಬೇಡ, ಜೀವ ಇರುವುದೇ ಅಲ್ಲಿ ಎಂದರು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು.

ಕೊನೆಗೆ ಜಾಲಹಳ್ಳಿಯಿಂದ ನನ್ನ ಮಾವನವರು ಬಂದರು. ಒಂದು ಗಳಿಗೆಯೂ ಕೊರಳಿನ ಲಿಂಗ ಬಿಚ್ಚಿದವರಲ್ಲ. ಅವರು ಕೂರುವ ಮೊದಲೇ ಹೇಳಿದರು: "ಕೊರಳಾಗಿನ ಲಿಂಗ ಬಿಚ್ಚೋದು ಆಗೂದಿಲ್ರಿ. ಹಿಂದಿಂದ ಮಾಡಿಸ್ರಿ, ದಾರ ಸರಸಿದರ ಆತು." ನಾನು ಮುಖ ಸಣ್ಣದು ಮಾಡಿಕೊಂಡೆ, ಒಳಗೊಳಗೇ ಕುಣಿದೆ. ಹಿಂದಿನಿಂದ ಡಾಕ್ಟರು ಒಲ್ಲರು, ಮುಂದಿನಿಂದ ಮಾವನವರು ಒಲ್ಲರು. ಇನ್ನು ನನ್ನನ್ನು ಮುಟ್ಟುವವರು ಯಾರು?

ಮರುದಿನ ಬೆಳಿಗ್ಗೆ ಪೂಜೆಗೆ ಕೂತೆ. ನನ್ನ ಹೆಂಡತಿ ಶಾಂತಮ್ಮ ಎಂದಿನಂತೆ ಎದುರಿಗೆ ಸೆರಗು ಹಾಸಿಕೊಂಡು ಕೂತಳು. ಜೋಮು ಹಿಡಿದ ಅಂಗೈಯಿಂದ ಲಿಂಗ ಜಾರಿತು. ನನಗೆ ಗೊತ್ತೇ ಆಗಲಿಲ್ಲ. ಅವಳ ಸೆರಗಿನಲ್ಲಿ ಬಿದ್ದ ಮೇಲೆಯೇ ನೋಡಿದೆ. ಅವಳು ತಂದೆಯತ್ತ ತಿರುಗಿದಳು.

"ದಿನಾ ಹಿಂಗ ಹಿಡಿಯಾಕತ್ತೀನಿ ಯಪ್ಪಾ. ನಾ ಇಲ್ಲದ ಹೊತ್ತಿನ್ಯಾಗ ನೆಲಕ್ಕ ಬಿದ್ದರ? ಕೊರಳಾಗಿಂದು ರಟ್ಟಿಗೆ ಕಟ್ಟಿ ಆಪರೇಶನ್ನಿಗೆ ಕಳಸೂಣು."

ಮಾವನವರು ತಾವೇ ಎದ್ದು ಬಂದು ನನ್ನ ರಟ್ಟೆಗೆ ಲಿಂಗ ಕಟ್ಟಿದರು. ನನಗೆ ಇದ್ದೊಂದು ನೆಪವೂ ಹೋಯಿತಲ್ಲ!

ಮುಂದಿನಿಂದಲೇ ಕೊಯ್ಯಿಸಿಕೊಂಡು ಬದುಕಿ ಬಂದೆ. ಜೋಮು ಹೋಯಿತು. ಕೊರಳು ನೆಟ್ಟಗಾಯಿತು, ಆದರೆ ಈಗ ಬಗ್ಗುವುದೇ ಇಲ್ಲ. ಲಿಂಗ ಕಾಣಬೇಕಾದರೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಕು. ಮಾವನವರು ಅದನ್ನು ನೋಡಿ, ಅಳಿಯನಿಗೆ ಆಪರೇಶನ್ ಆದ ಮೇಲೆ ಭಕ್ತಿ ಹೆಚ್ಚಾಗಿದೆ ಎಂದು ದೇವದುರ್ಗದ ತನಕ ಹೇಳಿಕೊಂಡು ಬಂದರು. ನಾನು ತಿದ್ದಲಿಲ್ಲ.

ಶಾಂತಮ್ಮ ಈಗಲೂ ಎದುರಿಗೆ ಬಂದು ಕೂರುತ್ತಾಳೆ. ಕೈ ಗಟ್ಟಿಯಾಗಿದೆಯಲ್ಲ, ಇನ್ನೂ ಯಾಕೆ ಕೂರುತ್ತೀ ಎಂದು ಒಂದು ದಿನ ಕೇಳಿದೆ.

"ಕೈ ಚೊಲೋ ಅದಾವ್ರಿ. ನಿಮ್ಮ ಮಕ ನೋಡಾಕ ಕುಂತೀನಿ. ಎಷ್ಟು ದಿನ ಆಗಿತ್ತು."

ಅಂದಿನಿಂದ ನನ್ನ ಪೂಜೆ ಬಹಳ ಉದ್ದವಾಗಿದೆ. ಅದನ್ನೂ ಮಾವನವರು ಭಕ್ತಿ ಎಂದೇ ಊರಿಗೆಲ್ಲ ಹೇಳುತ್ತಿದ್ದಾರೆ.