ಬೆಕ್ಕಿನ ಕಣ್ಣಿಗೆ ಒಂದು ಹನಿ

"ಒಂದು ಹನಿ ಮದ್ದು ಹಾಕಲಿಕ್ಕೆ ಇಬ್ಬರು ಯಾಕೆ? ನೀನು ಒಳಗೆ ಹೋಗು!" ಎಂದು ಸರ್ವೋತ್ತಮರು ಹೆಂಡತಿ ಕುಶಲಾಗೆ ಅಪ್ಪಣೆ ಕೊಟ್ಟರು.

ಮಸ್ಕತ್ತಿನ ಬಂದರಿನಲ್ಲಿ ಕ್ರೇನ್ ನಡೆಸಿ, ಎರಡು ಸಾವಿರದ ಇಸವಿಯಲ್ಲಿ ಅಂಬಲಪಾಡಿಗೆ ಮರಳಿದ ಮನುಷ್ಯ. ಹಡಗಿನ ಹೊಟ್ಟೆಯಿಂದ ಕಂಟೇನರ್ ಎತ್ತಿ ಲಾರಿಯ ಮೇಲೆ ಸದ್ದಿಲ್ಲದೆ ಕೂರಿಸಿದ ಕೈ ಅದು. ಅಂಥ ಕೈಗೆ ಒಂದು ಬೆಕ್ಕು ಯಾವ ಲೆಕ್ಕ!

ಬೆಕ್ಕಿನ ಹೆಸರು ರಾಣಿ. ಪಕ್ಕದ ಮನೆಯ ಗಂಡುಬೆಕ್ಕಿನೊಡನೆ ಕಾದಾಡಿ ಎಡಗಣ್ಣಿಗೆ ಪರಚಿಸಿಕೊಂಡು ಬಂದಿತ್ತು. ಕಲ್ಯಾಣಪುರದ ದನದ ಡಾಕ್ಟರು ಲೂಯಿಸ್ ಟಾರ್ಚು ಬಿಟ್ಟು ನೋಡಿ, "ಕಣ್ಣಿನಲ್ಲಿ ಹುಣ್ಣಾಗಿದೆ. ಬೆಳಿಗ್ಗೆ, ಸಂಜೆ ಮದ್ದು ಹಾಕಿ. ತಪ್ಪಿಸಿದರೆ ಕಣ್ಣು ಹೋದೀತು" ಎಂದಿದ್ದರು. ಕುಶಲಾ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಬೆಕ್ಕನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಮಳೆಗಾಲದ ತೋಡಿನ ನೀರಿನಲ್ಲಿ ತೇಲುತ್ತಿದ್ದ ಮರಿಯನ್ನು ಎತ್ತಿ ತಂದು, ಬತ್ತಿ ಅದ್ದಿ ಹಾಲು ಕುಡಿಸಿ ಬದುಕಿಸಿದವಳು ಅವಳೇ. ಅವಳ ಬಾಡಿದ ಮುಖ ನೋಡಿಯೇ ಸರ್ವೋತ್ತಮರು ಪಣ ತೊಟ್ಟದ್ದು: ಈ ಕಣ್ಣು ಉಳಿಸಿಯೇ ಸಿದ್ಧ!

ಸೀಸೆ ಹಿಡಿದು ಎದುರಿನಿಂದ ಹೋದರು. ರಾಣಿ ಅಟ್ಟ ಏರಿತು. ಏಣಿ ಇಟ್ಟು ಹತ್ತಿದರು. ರಾಣಿ ಅವರ ಬೋಳುತಲೆಯ ಮೇಲೆಯೇ ಕಾಲಿಟ್ಟು ಕೆಳಗೆ ಹಾರಿತು. ಹೆಗಲ ಮೇಲಿನ ಬೈರಾಸು ಎಸೆದು ಹಿಡಿದರು. ಬಿಚ್ಚಿ ನೋಡಿದರೆ ಬೈರಾಸು ಮಾತ್ರ ಇತ್ತು!

"ಎಂತ ಆಯ್ತು ಮಾರಾಯ್ರೆ?" ಒಳಗಿನಿಂದ ಕುಶಲಾ.

"ಕೆಲಸ ನಡೀತಾ ಉಂಟು!"

ಕೊನೆಗೆ ರಾಣಿಯನ್ನು ಬಚ್ಚಲುಮನೆಗೆ ಓಡಿಸಿ, ತಾವೂ ಹೊಕ್ಕು ಚಿಲಕ ಹಾಕಿಕೊಂಡರು. ಮೊದಲು ಬಾಲ್ದಿ ಉರುಳಿದ ಸದ್ದು, ಆಮೇಲೆ ಚೊಂಬು, ಅದರ ಹಿಂದೆ ಸರ್ವೋತ್ತಮರು. ಸೀಸೆಯಿಂದ ಹನಿಗಳು ನಾಲ್ಕೂ ದಿಕ್ಕಿಗೆ ಹಾರಿದವು. ಕಡೆಗೊಮ್ಮೆ "ಬಿತ್ತು! ಕಣ್ಣಿಗೇ ಬಿತ್ತು!" ಎಂಬ ವಿಜಯಘೋಷ ಕೇಳಿತು. ಅದರ ಬೆನ್ನಿಗೇ ಚೀತ್ಕಾರ: "ಕುಶಲಾ, ಓಡಿ ಬಾ! ಬೆಕ್ಕಿನ ಬಾಯಲ್ಲಿ ನೊರೆ!"

ಕುಶಲಾ ಫೋನ್ ತಿರುಗಿಸಿದಳು. ಲೂಯಿಸ್ ಡಾಕ್ಟರು ನಕ್ಕರು. "ಹೆದರಬೇಡಿ. ಆ ಮದ್ದು ಕಹಿ. ಕಣ್ಣಿಗೆ ಹಾಕಿದ್ದು ಮೂಗಿನ ದಾರಿಯಾಗಿ ಬಾಯಿಗೆ ಇಳಿಯುತ್ತದೆ. ನೊರೆ ಬಂದರೆ ಮದ್ದು ಸರಿಯಾಗಿ ಬಿದ್ದಿದೆ ಅಂತಲೇ ಲೆಕ್ಕ."

"ನೋಡಿದೆಯಾ?" ಸರ್ವೋತ್ತಮರು ಎದೆಯುಬ್ಬಿಸಿದರು.

ಗುರಿ ತಪ್ಪಿದ ಹನಿಗಳು ಎಲ್ಲಿ ಹೋದವೆಂಬುದು ಮರುದಿನ ತಿಳಿಯಿತು. ಸರ್ವೋತ್ತಮರ ಕಣ್ಣಿಗೆ ಪೇಪರಿನ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಅಂಗಳಕ್ಕೆ ಇಳಿದರೆ ಬಿಸಿಲು ಚುಚ್ಚಿತು. ಕನ್ನಡಿಯಲ್ಲಿ ನೋಡಿದರೆ ಬಲಗಣ್ಣಿನ ಪಾಪೆ ನೇರಳೆ ಹಣ್ಣಿನ ಹಾಗೆ ಅರಳಿ ನಿಂತಿದೆ! ಕುಶಲಾ ಕೈಹಿಡಿದು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

"ಈ ಕಣ್ಣಿಗೆ ಎಂತ ಹಾಕಿದ್ದೀರಿ?" ಅಲ್ಲಿನ ಕಣ್ಣಿನ ಡಾಕ್ಟರಮ್ಮ ಕೇಳಿದರು.

"ಮದ್ದು."

"ಯಾರಿಗೆ ಕೊಟ್ಟದ್ದು?"

"ಬೆಕ್ಕಿಗೆ" ಎಂದಳು ಕುಶಲಾ. ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳುವಷ್ಟು ಸ್ಪಷ್ಟವಾಗಿ!

ಅದು ಪಾಪೆ ಅರಳಿಸುವ ಮದ್ದು, ಕೆಲವು ದಿನಗಳಲ್ಲಿ ಪಾಪೆ ತಾನಾಗಿ ಕುಗ್ಗುತ್ತದೆ, ಅಲ್ಲಿಯವರೆಗೆ ಸ್ಕೂಟರ್ ಬೇಡ, ಉರಿ ತಗ್ಗಲಿಕ್ಕೆ ಈ ಹನಿ ಹಾಕಿ ಎಂದು ಡಾಕ್ಟರಮ್ಮ ಬೇರೊಂದು ಸೀಸೆ ಕೊಟ್ಟರು.

ರಾಣಿಯ ಕಣ್ಣು ಉಳಿಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಸಂಜೆಯಿಂದ ಮದ್ದು ಹಾಕಿದವಳು ಕುಶಲಾ. ಬೆಕ್ಕನ್ನು ಮಡಿಲಲ್ಲಿ ಬೆನ್ನು ತನ್ನ ಕಡೆ ಮಾಡಿ ಕೂರಿಸಿದಳು, ಹಿಂದಿನಿಂದ ಗಲ್ಲ ಎತ್ತಿದಳು, ಒಂದು ಹನಿ ಬಿಟ್ಟಳು. ಆಮೇಲೆ ಹುರಿದ ಬೂತಾಯಿಯ ಒಂದು ತುಂಡು. ರಾಣಿ ಮೀನು ತಿಂದು ಮೀಸೆ ನೆಕ್ಕಿಕೊಂಡಿತು.

"ಈಗ ನೀವು ಬನ್ನಿ" ಎಂದು ಕುಶಲಾ ಇನ್ನೊಂದು ಸೀಸೆ ತೆಗೆದಳು. ಸೀಸೆ ಹತ್ತಿರ ಬಂದದ್ದೇ ತಡ, ಸರ್ವೋತ್ತಮರು ಕಣ್ಣು ಬಿಗಿದು ಮುಚ್ಚಿದರು, ಕತ್ತು ತಿರುಗಿಸಿದರು, ಕುರ್ಚಿ ಬೀಳಿಸಿ ಬಾಗಿಲ ಮರೆಗೆ ಸರಿದರು. ಎರಡನೆಯ ಸಲ ಅವಳ ಕೈಯನ್ನೇ ತಳ್ಳಿದರು.

ಕುಶಲಾ ಸೀಸೆ ಕೆಳಗಿಟ್ಟು ಫೋನ್ ಎತ್ತಿದಳು.

"ಲೂಯಿಸ್ ಡಾಕ್ಟ್ರೇ, ಬೆಕ್ಕಿನದ್ದು ಆಯ್ತು. ಇವರನ್ನು ಹಿಡಿಯುವುದು ಹೇಗೆ?"