ಒಂದು ಕಚೇರಿ ಪ್ರತಿ ಇರಲಿ

ಸರ್ಕಾರಿ ನೌಕರನಿಗೆ ಇಪ್ಪತ್ತೈದು ವರ್ಷ ಸರ್ವೀಸ್ ಆಗುವಷ್ಟರಲ್ಲಿ ಒಂದು ವಿದ್ಯೆ ತಾನಾಗಿ ಕೈಗೂಡಿರುತ್ತದೆ. ಯಾವ ಕೆಲಸ ಮಾಡಿದರೂ ಅದನ್ನು ತಾನು ಮಾಡಲೇ ಇಲ್ಲವೆಂಬಂತೆ ಮಾಡುವ ವಿದ್ಯೆ ಅದು. ನಮ್ಮ ಕಾಗದಗಳನ್ನೇ ನೋಡಿ: 'ಕಡತ ಮಂಡಿಸಲಾಗಿದೆ', 'ಅರ್ಜಿ ಹಿಂದಿರುಗಿಸಲಾಗಿದೆ', 'ಗಮನಕ್ಕೆ ತರಲಾಗಿದೆ'. ಮಂಡಿಸಿದವನು ಯಾರು, ಹಿಂದಿರುಗಿಸಿದವನು ಯಾರು, ಆ ಭಗವಂತನೇ ಬಲ್ಲ. ಈ ವಿದ್ಯೆಯಲ್ಲಿ ನಾನು ಪಾರಂಗತನೆಂದು ತಿಳಿದು ಹಾಯಾಗಿದ್ದೆ. ಹೋದ ವರ್ಷ ಒಂದು ಪ್ರಿಂಟರು ಮತ್ತು ಒಂದು ಇ-ಮೇಲು ಸೇರಿಕೊಂಡು ನನ್ನ ಭ್ರಮೆ ಬಿಡಿಸಿದವು. ರಾಯಚೂರಿನ ಯಾವ ಇಲಾಖೆ ಎಂದು ಮಾತ್ರ ಕೇಳಬೇಡಿ, ನನಗಿನ್ನೂ ನಾಲ್ಕು ವರ್ಷ ಸರ್ವೀಸ್ ಇದೆ. ಗುಟ್ಟು ಮುಚ್ಚಿಡುವುದರಲ್ಲಿ ನಾನೆಷ್ಟು ಗಟ್ಟಿಗ ಎಂಬುದು ಪೂರ್ತಿ ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಎಲ್ಲಕ್ಕೂ ಮೂಲ ನಮ್ಮ ಮ್ಯಾನೇಜರ್ ವೆಂಕೋಬಾಚಾರ್ಯರು. ದಿನಾ ಮಾನ್ವಿಯಿಂದ ಬರುತ್ತಾರೆ. ಕಚೇರಿ ಹತ್ತಕ್ಕೆ ಶುರುವಾದರೆ ಅವರು ಹನ್ನೊಂದೂಕಾಲಿಗೆ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಒಳಗೆ ಬಂದು, "ಬಸ್ ಲೇಟ್ ನೋಡ್ರೀ ಇವತ್ತ" ಎನ್ನುತ್ತಾರೆ. ಒಂದು ದಿನ ಟೈರು, ಒಂದು ದಿನ ಕುರಿ ಹಿಂಡು, ಒಂದು ದಿನ ಡ್ರೈವರು ನಾಷ್ಟಾ ಮಾಡಲಿಕ್ಕೆ ಇಳಿದಿದ್ದ. ಸಂಜೆ ನಾಲ್ಕೂಕಾಲಿಗೆ ಎದ್ದು ಹೋಗುವಾಗ ಮಾತ್ರ ಆ ಬಸ್ಸು ಗಡಿಯಾರದ ಮುಳ್ಳಿನ ಹಾಗೆ ಸರಿಯಾದ ವೇಳೆಗೆ ಬರುತ್ತದಂತೆ. ಇದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನ ಹೆಂಡತಿಗೆ ಜ್ವರ ಬಂದು ನಾನು ಅರ್ಧ ದಿನ ರಜೆ ಬರೆದುಕೊಟ್ಟಾಗ ಈ ಮಹಾನುಭಾವರು ಕನ್ನಡಕದ ಮೇಲಿನಿಂದ ನೋಡಿ, "ಜ್ವರ ಬಂದದ ಅನ್ಲಿಕ್ಕೆ ಪುರಾವೆ ಎಲ್ಲದರೀ ಅಮರೇಶಪ್ಪೋರ? ಪುರಾವೆ ಹಚ್ರಿ" ಎಂದು ಅರ್ಜಿಯನ್ನು ವಾಪಸ್ ಕೊಟ್ಟರು. ಥರ್ಮಾಮೀಟರು ಹಚ್ಚಲೇನ್ರಿ ಎಂದು ಬಾಯಿತನಕ ಬಂದಿತ್ತು, ನುಂಗಿಕೊಂಡೆ. ನುಂಗಿದ್ದು ಹೊಟ್ಟೆಯಲ್ಲಿ ಸುಮ್ಮನಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಆಚಾರ್ಯರು ಊಟದ ಡಬ್ಬಿ ತೊಳೆಯಲು ನಲ್ಲಿಯ ಕಡೆ ಹೋಗಿದ್ದಾಗ ನಾನು ಕಂಪ್ಯೂಟರಿನ ಮುಂದೆ ಕೂತು ಒಂದು ಸುತ್ತೋಲೆ ತಯಾರಿಸಿದೆ. 'ಪರಸ್ಥಳದಿಂದ ಬಸ್ಸಿನಲ್ಲಿ ಬರುವ ನೌಕರರು ತಡವಾಗಿ ಹಾಜರಾದಲ್ಲಿ, ಬಸ್ಸು ಎಷ್ಟು ನಿಮಿಷ ತಡವಾಯಿತು ಹಾಗೂ ಏಕೆ ತಡವಾಯಿತು ಎಂಬ ಬಗ್ಗೆ ಸಂಬಂಧಪಟ್ಟ ನಿರ್ವಾಹಕರಿಂದ ವಿಳಂಬ ದೃಢೀಕರಣ ಪತ್ರವನ್ನು ಮೂರು ಪ್ರತಿಗಳಲ್ಲಿ ಪಡೆದು ಸಲ್ಲಿಸತಕ್ಕದ್ದು.' ಕೆಳಗೆ ಆಚಾರ್ಯರಿಗೂ ಮೇಲಿನ ಅಧಿಕಾರಿಯಾದ ನಮ್ಮ ಸಾಹೇಬರ ಹುದ್ದೆ ಹಾಕಿ, ಅದರ ಮೇಲೆ 'ಸಹಿ/-' ಎಂದು ಅಚ್ಚು ಹೊಡೆದೆ. ಹೊರಗಿನವರಿಗೆ ಇದರ ಮಹಿಮೆ ತಿಳಿಯದು. ಆ ನಾಲ್ಕು ಗೀಟು ಕಂಡರೆ ಸಾಕು, ಮೂಲ ಪ್ರತಿಗೆ ಎಲ್ಲೋ ಸಹಿಯಾಗಿದೆ ಎಂದು ನಂಬಿ ಕೈಮುಗಿಯುವ ಜಾತಿ ನಮ್ಮದು. ಪ್ರಿಂಟ್ ಕೊಡುವಾಗ ಎಷ್ಟು ಪ್ರತಿ ಎಂದು ಯಂತ್ರ ಕೇಳಿತು. ನನ್ನ ಬೆರಳು ತಾನಾಗಿಯೇ ಎರಡು ಒತ್ತಿತು. ಒಂದು ಆಚಾರ್ಯರ ಟೇಬಲ್ಲಿಗೆ, ಇನ್ನೊಂದು ಕಚೇರಿ ಪ್ರತಿ. ಕಚೇರಿ ಪ್ರತಿ ಇಟ್ಟುಕೊಳ್ಳದೆ ಒಂದು ಕಾಗದ ಹೊರಗೆ ಬಿಟ್ಟ ಪಾಪ ನಾನು ಈ ಜನ್ಮದಲ್ಲಿ ಮಾಡಿಲ್ಲ. ಅದಕ್ಕೆ ಪಂಚ್ ಹೊಡೆದು, ಟ್ಯಾಗು ಕಟ್ಟಿ, ನನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

ಆಚಾರ್ಯರು ಸುತ್ತೋಲೆ ಓದಿ ಬೈದುಕೊಳ್ಳುತ್ತಾರೆ, ನಾನು ಎರಡು ದಿನ ಒಳಗೊಳಗೇ ನಗುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅವರು ನಿಯಮ ಅಂದರೆ ನಿಯಮ ಎನ್ನುವ ಮನುಷ್ಯರು. ಸೋಮವಾರ ಬೆಳಿಗ್ಗೆ ಮೂರು ಫಾರಮ್ಮು, ನಡುವೆ ಎರಡು ಕಾರ್ಬನ್ನು ಹಿಡಿದುಕೊಂಡು ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಎದುರು ನಿಂತರಂತೆ. "ಸಹಿ ಮಾಡೋತನಕ ನಾ ಇಳಿಯಂಗಿಲ್ಲ" ಎಂದರಂತೆ. "ಯಜಮಾನ್ರ, ಗಾಡಿ ಲೇಟ್ ಆಗಿದ್ದು ನೀವು ಮಾನ್ವಿಯಾಗ ಓಡಿ ಬಂದು ಕೈ ಮಾಡಿ ನಿಲ್ಸಿದ್ದಕ್ಕರೀ, ಹಂಗ ಬರೀಲೇನು?" ಎಂದನಂತೆ ಅವನು. "ಕಾರಣ ಏನಾರ ಇರಲಿ, ಬರೀರಿ, ಸಹಿ ಸ್ಪಷ್ಟ ಇರಲಿ." ಬಸ್ಸು ಮತ್ತೆ ಹೊರಡಲಿಲ್ಲ, ಹತ್ತಲು ಬಂದವರು ಬೈಯತೊಡಗಿದರು, ಡಿಪೋದಿಂದ ನಮ್ಮ ಸಾಹೇಬರಿಗೆ ಫೋನು ಬಂತು. ನಿಮ್ಮ ಕಚೇರಿಯಿಂದ ಇದೇನ್ರಿ ಹೊಸ ಕಾನೂನು ಎಂದು ಅವರು ಕೇಳಿದರೆ ಸಾಹೇಬರು ಯಾವ ಕಾನೂನ್ರಿ ಎಂದು ತಿರುಗಿ ಕೇಳಿದರು. ಆಗ ನನ್ನ ನಗು ಒಣಗಿತು.

ಸಾಹೇಬರು ಒಳ್ಳೆಯವರು, ಆದರೆ ತಮ್ಮ ಹೆಸರಿನಲ್ಲಿ ಬೇರೆಯವರು ಆಳುವುದನ್ನು ಸಹಿಸರು. ಮರುದಿನವೇ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಪ್ರಿಂಟರಿನ ಹೊಟ್ಟೆಯೊಳಗಿಂದ ಒಂದು ಪಟ್ಟಿ ಹೊರಗೆಳೆದ. ಯಾವ ದಿನ, ಎಷ್ಟು ಗಂಟೆಗೆ, ಯಾರ ಲಾಗಿನ್ನಿನಿಂದ, ಎಷ್ಟು ಪ್ರತಿ, ಎಲ್ಲವೂ ಅದರಲ್ಲಿತ್ತು. ಹಾಳಾದ್ದು, ಹಾಳೆ ಸಿಕ್ಕಿಹಾಕಿಕೊಂಡಾಗ ಕಿವಿ ಹಿಂಡಿದರೂ ಮಾತಾಡದ ಯಂತ್ರ ಚಾಡಿ ಹೇಳುವಾಗ ಎಂಥ ಚುರುಕು! 'ಶುಕ್ರವಾರ, ಎರಡು ಗಂಟೆ ಐದು ನಿಮಿಷ, ಮಹಾದೇವಿ, ಎರಡು ಪ್ರತಿ.'

ಮಹಾದೇವಿ ನಮ್ಮ ಹೊರಗುತ್ತಿಗೆಯ ಆಪರೇಟರು. ದೇವದುರ್ಗದ ಕಡೆ ಜಾಲಹಳ್ಳಿಯ ಹುಡುಗಿ. ಅವಳ ಅವ್ವ ಹತ್ತಿ ಬಿಡಿಸುವ ಕೂಲಿ ಮಾಡಿ ಓದಿಸಿದ್ದಾಳೆ, ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರಲ್ಲಿ ಇವಳೇ ಮೊದಲಿಗಳು. ಅವಳ ಪಾಸ್‌ವರ್ಡು ಕಂಪ್ಯೂಟರಿನ ನೆತ್ತಿಗೇ ಚೀಟಿ ಬರೆದು ಅಂಟಿಸಿದೆ, ಏಕೆಂದರೆ ನಮ್ಮ ನಮ್ಮ ಪಾಸ್‌ವರ್ಡುಗಳನ್ನು ನಾವೆಲ್ಲ ಯಾವಾಗಲೋ ಮರೆತಿದ್ದೇವೆ. ಬಾತ್‌ರೂಮಿನ ಒಂದೇ ಚಪ್ಪಲಿಯನ್ನು ಮನೆಮಂದಿಯೆಲ್ಲ ಮೆಟ್ಟಿದ ಹಾಗೆ ಇಡೀ ಕಚೇರಿ ಅದನ್ನೇ ಬಳಸುತ್ತದೆ. ಸಾಹೇಬರ ಕೋಣೆಗೆ ಎಲ್ಲರನ್ನೂ ಕರೆದರು. ಮಹಾದೇವಿ ನಡುವೆ ನಿಂತಿದ್ದಳು, ನಾನು ಅವಳ ಪಕ್ಕದಲ್ಲೇ. "ನಾ ಆವತ್ತ ಎರಡು ಗಂಟೀಗೆ ಊಟಕ್ಕ ಹೋಗಿದ್ನಿರೀ ಸರ್. ಆ ಪಾಸ್‌ವರ್ಡ್ ಎಲ್ಲಾರೂ ಹಾಕ್ತಾರ್ರೀ. ಇವರನ್ನ ಕೇಳ್ರಿ" ಎಂದು ನಮ್ಮ ಕಡೆ ತಿರುಗಿದಳು. ನಾವು ಒಂಬತ್ತು ಜನ. ಒಬ್ಬರು ಫ್ಯಾನು ನೋಡಿದರು, ಒಬ್ಬರು ಕೆಮ್ಮಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವ ದಿನ ಬಂದಿದೆ ಎಂದು ಹುಡುಕುತ್ತಾ ನಿಂತೆ. ಏಕಾದಶಿಗೂ ನನಗೂ ಯಾವ ಸಂಬಂಧವೂ ಇಲ್ಲ.

"ಒಂದನೇ ತಾರೀಖಿನಿಂದ ಈಕೀನ್ನ ಬಿಡಿಸಿ ಬ್ಯಾರೆಯವರನ್ನ ಕಳಿಸ್ರಿ ಅಂತ ಏಜೆನ್ಸಿಗೆ ಪತ್ರ ಬರೀರಿ" ಎಂದು ಸಾಹೇಬರು ಆದೇಶಿಸಿದರು. ಯಾರಿಗೆ ಗೊತ್ತೇ? ನನಗೆ. ಸಿಬ್ಬಂದಿ ವಿಷಯದ ಕೇಸ್ ವರ್ಕರ್ ನಾನೇ ತಾನೆ. ನನಗೆ ಗೊತ್ತಿರುವ ಒಂದೇ ಶೌರ್ಯವನ್ನು ತೋರಿಸಿದೆ, ಕಡತವನ್ನು ತಡ ಮಾಡಿದೆ. ಮೊದಲ ದಿನ 'ಚರ್ಚಿಸಿ' ಎಂದು ಬರೆದೆ. ಎರಡನೆಯ ದಿನ 'ಹಿಂದಿನ ಪತ್ರವ್ಯವಹಾರ ಲಗತ್ತಿಸಿ' ಎಂದು ನನಗೆ ನಾನೇ ಬರೆದುಕೊಂಡೆ. ಶನಿವಾರ ಸಾಹೇಬರು, "ಸೋಮವಾರ ಪತ್ರ ನನ್ನ ಟೇಬಲ್ ಮ್ಯಾಲೆ ಇರಬೇಕು" ಎಂದರು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಎರಡು ಸಮಾಧಾನದ ಮಾತು ಸಿಗಬಹುದೆಂಬ ಆಸೆಯಿತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಾಚಿಕಿ ಬರಂಗಿಲ್ಲೇನ್ರೀ ನಿಮಗ? ಆ ಹುಡುಗಿ ಅನ್ನಕ್ಕ ಮಣ್ಣು ಹಾಕಿ ಬಂದು ಬಿಸಿ ರೊಟ್ಟಿ ಕೇಳಾಕತ್ತೀರಿ. ಹೋಗಿ ಹೇಳ್ರಿ, ನಾನ ಮಾಡೀನಿ ಅಂತ" ಎಂದಳು. ಆ ದಿನ ತಣ್ಣನೆಯ ರೊಟ್ಟಿ ತಿಂದೆ.

ಹೇಳಬೇಕು, ಆದರೆ ಹೇಳಿದವನು ನಾನೆಂದು ತಿಳಿಯಬಾರದು. ಭಾನುವಾರ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಮಾರ್ಗ ಕಂಡುಹಿಡಿದೆ. ಅನಾಮಧೇಯ ಇ-ಮೇಲ್! ಕಚೇರಿಯ ಯಂತ್ರ ಮುಟ್ಟಲಿಲ್ಲ, ನಾನೇನು ದಡ್ಡನೇ? ನನ್ನ ಮೊಬೈಲಿನಲ್ಲೇ 'ಹಿತೈಷಿ' ಎಂಬ ಹೊಸ ಐಡಿ ತೆರೆಯಲು ಕೂತೆ. ಒಂದು ನಮೂನೆ ಬಂತು. ಹೆಸರು, ಹುಟ್ಟಿದ ದಿನ, ಲಿಂಗ ಎಂದು ಕಾಲಂಗಳು. ಒಂದು ಕಾಲಂ ಖಾಲಿ ಇದ್ದರೂ ಅರ್ಜಿಯನ್ನು ಮುಖದ ಮೇಲೆ ಎಸೆದು, "ಪೂರ್ತಿ ತುಂಬ್ಕೊಂಡು ಬರ್ರಿ" ಎಂದು ಎಷ್ಟು ಸಾವಿರ ಜನರನ್ನು ನಾನು ವಾಪಸ್ ಕಳಿಸಿದ್ದೇನೋ ಲೆಕ್ಕವಿಲ್ಲ. ಅಂಥವನ ಕೈ ಸುಳ್ಳು ತುಂಬೀತೇ? ಮೊದಲ ಹೆಸರು: ಅಮರೇಶಪ್ಪ. ಕೊನೆಯ ಹೆಸರು: ತಂದೆ ಬಸಪ್ಪ. ತುಂಬಿದ್ದೇ ನನಗೆ ನೆನಪಿಲ್ಲ. ಆಮೇಲೆ ಸಾಹೇಬರಿಗೆ ಬರೆದೆ. ವಿಷಯ: ನಕಲಿ ಸುತ್ತೋಲೆ ಮುದ್ರಿಸಿದವನು ನಾನು, ಮಹಾದೇವಿಯವರ ತಪ್ಪಿಲ್ಲ. ಒಳಗೆ ಒಂದೂವರೆ ಪುಟ. ಕೊನೆಗೆ, 'ನಾನು ಯಾರೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಹೆಸರು ಎಂದಿಗೂ ಹೊರಬರಬಾರದೆಂದು ಕೋರುತ್ತೇನೆ.' ಪುರಾವೆ ಇಲ್ಲದೆ ಯಾರು ನಂಬುತ್ತಾರೆ ಎಂದು ಬೀರುವಿನಿಂದ ಮೊದಲೇ ತಂದಿಟ್ಟುಕೊಂಡಿದ್ದ ಕಚೇರಿ ಪ್ರತಿಯ ಫೋಟೊ ಹಚ್ಚಿದೆ. 'ಅಡಕ: ಮೇಲಿನಂತೆ' ಎಂದೂ ಬರೆದೆ. ಕಳಿಸಿ, ಬಿಸಿ ರೊಟ್ಟಿ ತಿಂದು, ಸುಖವಾಗಿ ಮಲಗಿದೆ.

ಸೋಮವಾರ ಹತ್ತಕ್ಕೇ ಸಾಹೇಬರ ಕರೆ ಬಂತು. ಅವರ ಮೊಬೈಲಿನ ಪರದೆಯ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ನಮ್ಮಪ್ಪನ ಹೆಸರು. ಸತ್ತು ಇಪ್ಪತ್ತು ವರ್ಷವಾದ ಅಪ್ಪನನ್ನೂ ಕಟಕಟೆಗೆ ಎಳೆದು ತಂದಿದ್ದೆ. ಸಾಹೇಬರು ಎದ್ದು ನಿಂತು ನನ್ನ ಕೈ ಹಿಡಿದರು. "ತಪ್ಪು ತಪ್ಪ ಖರೇ. ಆದ್ರ ಈ ಕಾಲದಾಗ ಹೆಸರು ಹಾಕಿ, ಪುರಾವೆ ಹಚ್ಚಿ ಒಪ್ಕೊಳ್ಳೋರು ಯಾರದಾರ್ರೀ! ಎಚ್ಚರಿಕಿ ಕೊಟ್ಟು ಬಿಟ್ಟೀನಿ, ಹೋಗ್ರಿ." ನಮ್ಮ ಸಾಹೇಬರು ವಿಷಯದ ಸಾಲಿನಿಂದ ಕೆಳಗೆ ಓದುವವರಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಯಿತು. ನಾನು ತಿದ್ದಲಿಲ್ಲ. ಮೇಲಧಿಕಾರಿಗಳನ್ನು ತಿದ್ದುವುದು ನಡತೆ ನಿಯಮಕ್ಕೆ ವಿರುದ್ಧ. ಎಲ್ಲರನ್ನೂ ಕರೆದು ಅವರೆದುರು ನನ್ನನ್ನು ಹೊಗಳಿದರು, ಮಹಾದೇವಿಯ ಕೆಲಸ ಉಳಿಯಿತು. ಎಂದಿನಂತೆ ಹನ್ನೊಂದೂಕಾಲಿಗೆ ಬಂದ ವೆಂಕೋಬಾಚಾರ್ಯರು ನನ್ನನ್ನು ಮೂಲೆಗೆ ಕರೆದು, "ಹೋಗ್ಲಿ ಬಿಡ್ರಿ. ಆದ್ರ ಕಂಡಕ್ಟರ್ ಸಹಿ ಮಾಡಿದ ಮೂರೂ ಸರ್ಟಿಫಿಕೇಟ್ ನನ್ನ ಹತ್ರ ಅವ. ಅವು ನಡೀತಾವೇನು?" ಎಂದು ಗಂಭೀರವಾಗಿ ಕೇಳಿದರು.

"ಅದನ್ನ ಪ್ರಿಂಟ್ ತೆಗದು ಕಡತದಾಗ ಇಡ್ರಿ" ಎಂದು ಸಾಹೇಬರು ಇ-ಮೇಲನ್ನು ಮಹಾದೇವಿಗೆ ಕಳಿಸಿದರು. ಓಡಿಹೋಗಿ ಅವಳ ಟೇಬಲ್ಲಿನ ಬಳಿ ನಿಂತೆ. ಅವಳು ವಿಷಯದ ಸಾಲಿಗೆ ನಿಲ್ಲಲಿಲ್ಲ. ಒಂದೂವರೆ ಪುಟ ಓದಿದಳು, ಕೊನೆಯ ಸಾಲು ಓದಿದಳು, ಮತ್ತೆ ಮೇಲಿನ ಹೆಸರು ನೋಡಿದಳು, ನನ್ನನ್ನು ನೋಡಿದಳು. ನಕ್ಕಿದ್ದರೆ ಬದುಕುತ್ತಿದ್ದೆ. ನಗಲಿಲ್ಲ.

"ಆವತ್ತ ಸಾಹೇಬ್ರ ರೂಮಿನ್ಯಾಗ ನೀವು ನನ್ನ ಬಾಜೂಕ ನಿಂತಿದ್ರಿ ಸರ್" ಎಂದಳು.

ತಪ್ಪಾಯಿತಮ್ಮ ಎನ್ನಬೇಕಿತ್ತು. ಅದಕ್ಕೂ ಒಂದು ಐಡಿ ಬೇಕಿತ್ತೇನೋ.

"ಎಷ್ಟು ಪ್ರತಿ ತೆಗೀಲಿ?"

"ಒಂದು ಸಾಕು" ಎಂದೆ. ಸರ್ವೀಸಿಗೆ ಸೇರಿದ ಮೇಲೆ ಹಾಗೆಂದಿದ್ದು ಅದೇ ಮೊದಲು.

ಯಂತ್ರದಿಂದ ಎರಡು ಬಂದವು. ಒಂದಕ್ಕೆ ಪಂಚ್ ಹೊಡೆದು ಕಡತಕ್ಕೆ ಸೇರಿಸಿದಳು. ಇನ್ನೊಂದನ್ನು ನಾಲ್ಕಾಗಿ ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ಕಚೇರಿ ಪ್ರತಿ ಇರಲಿ ಸರ್. ನೀವ ಕಲಿಸೀರಿ" ಎಂದಳು.

ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಚೀಟಿ ಈಗ ಇಲ್ಲ, ಅವಳೇ ಕಿತ್ತು ಹಾಕಿದಳು. ನನ್ನ ಪತ್ರಗಳನ್ನು ನನ್ನ ಲಾಗಿನ್ನಿನಿಂದ ನಾನೇ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತೇನೆ. ಹೊಸದಾಗಿ ಬಂದವರಿಗೆ ಸಾಹೇಬರು ಈಗಲೂ ನನ್ನನ್ನು ತೋರಿಸಿ, "ಅಮರೇಶಪ್ಪೋರಂಥ ನೇರ ಮನಿಷ್ಯಾ ಈ ಜಿಲ್ಲಾದಾಗ ಸಿಗಂಗಿಲ್ರೀ" ಎನ್ನುವುದುಂಟು. ಆಗ ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಎಲ್ಲರೂ ಅದನ್ನು ವಿನಯ ಎಂದುಕೊಳ್ಳುತ್ತಾರೆ. ಮಹಾದೇವಿ ಮಾತ್ರ ಟೈಪ್ ಮಾಡುವುದನ್ನು ನಿಲ್ಲಿಸದೆ, ಬ್ಯಾಗನ್ನು ತನ್ನ ಹತ್ತಿರಕ್ಕೆ ಒಂದಿಷ್ಟು ಎಳೆದುಕೊಳ್ಳುತ್ತಾಳೆ.