ನನ್ನೆದೆಗೆ ಆಗದ ಸುದ್ದಿ

ಗಂಡ ಹೋದ ಹೆಂಗಸಿಗೆ ಒಮ್ಮೆ ಎದೆನೋವು ಬಂತೋ, ಆ ಮನೆಯಲ್ಲಿ ದಿನಕ್ಕೊಂದು ನಾಟಕ ನಡೀತದೆ. ಊರಿನವರಿಗೆ ನಗು. ನನಗೂ ನಗುವೇ, ಸ್ವಲ್ಪ ಕಹಿ ಅಷ್ಟೇ.

ಡಾಕ್ಟರ ಮಾತು

ನಮ್ಮನೆಯವರ ಮಣ್ಣಾದ ಮರುದಿನ ನನಗೆ ಎದೆ ಹಿಂಡಿದಂಗಾಯ್ತು. ಮಗ ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಕರ್ಕೊಂಡು ಓಡಿದ. ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, "ರಕ್ತನಾಳ ಎಲ್ಲೂ ಕಟ್ಟಿಲ್ಲ ಅಜ್ಜಿ. ದುಃಖ ವಿಪರೀತ ಆದ್ರೆ ಹೃದಯ ಹಿಂಗೆ ಸೋತುಬಿಡ್ತದೆ. ನಿಧಾನಕ್ಕೆ ಸರಿಹೋಗ್ತದೆ" ಅಂದ್ರು.

ನನ್ನ ಸೊಸೆಗೆ ನಂಬಿಕೆ ಬರಲಿಲ್ಲ. "ದುಃಖಾನಾ ಡಾಕ್ಟ್ರೇ? ಇವರಿಬ್ರೂ ಬೆಳಗಾದ್ರೆ ಜಗಳ ಆಡ್ತಿದ್ರು."

ಡಾಕ್ಟರು ಚೀಟಿ ಬರೀತಾನೇ ಹೇಳಿದ್ರು: "ಜಗಳಕ್ಕೂ ಒಬ್ರು ಬೇಕಲ್ಲಮ್ಮ."

ಮುದಿ ಎಮ್ಮೆ

ಆಸ್ಪತ್ರೆಯಿಂದ ಹೊರಡೋವಾಗ ಡಾಕ್ಟರು ಮಗನಿಗೆ, "ಸದ್ಯಕ್ಕೆ ಕೆಟ್ಟ ಸುದ್ದಿ ಏಕ್ದಮ್ ಹೇಳಬೇಡಿ" ಅಂದಿದ್ರು. ಇವನು 'ಏಕ್ದಮ್' ಬಿಟ್ಟು ಉಳಿದದ್ದು ಹಿಡ್ಕೊಂಡ.

ಒಂದಿನ ಕೊಟ್ಟಿಗೆಯಲ್ಲಿ ಎಮ್ಮೆ ಇಲ್ಲ. ಕೇಳಿದ್ರೆ, "ತೊಗರ್ಸಿಗೆ ಕಳಿಸೀನವ್ವ, ಕೋಣಕ್ಕೆ ಬಿಡೋಕೆ" ಅಂದ. ಹಲ್ಲುದುರಿದ ಎಮ್ಮೆ, ಎದ್ದು ನಿಲ್ಲೋಕೇ ಜನ ಹಿಡೀಬೇಕಿತ್ತು.

"ನಡ್ಕೊಂಡೇ ಹೋಯ್ತಾ?"

"ಖುಷಿಯಿಂದ ಹೋಯ್ತವ್ವ."

ಹಿತ್ತಲಲ್ಲಿ ಅಗೆದು ಮುಚ್ಚಿದ ಹಸಿ ಮಣ್ಣು ಕಾಣ್ತಿತ್ತು. ಕರುವಿದ್ದಾಗಿಂದ ಸಾಕಿದವಳು ನಾನು. ಆದ್ರೆ ಮದುವೆಗೆ ಹೋದ ಎಮ್ಮೆಗೆ ಅಳೋದು ಹೆಂಗೆ?

ಎಲ್ಲ ಆರಾಮ

ಸೊರಬದಲ್ಲಿ ನನ್ನ ತಂಗಿ ಹಾಸಿಗೆ ಹಿಡಿದಿದ್ದಳು. ಒಡಹುಟ್ಟಿದವರಲ್ಲಿ ಉಳಿದವಳು ಅವಳೊಬ್ಬಳೇ. ಅವಳಿಗೇನಾದ್ರೂ ಆದ್ರೆ ಇವರು ಮಣ್ಣು ಮಾಡಿ ಬಂದ ಮೇಲೆ ನನಗೆ ಹೇಳ್ತಾರೆ, ಕೊನೆಗೆ ಮುಖಾನೂ ನೋಡೋಕೆ ಸಿಗಲ್ಲ ಅನ್ನೋ ಭಯ ನನಗೆ.

ಪಕ್ಕದ ಮನೆಯವಳನ್ನು ಕೇಳಿದೆ, "ಸೊರಬದ ಸುದ್ದಿ ಏನಾದ್ರೂ ಗೊತ್ತೇನೇ?"

ಅವಳು ನನ್ನ ಸೊಸೆ ಮುಖ ನೋಡಿದಳು. "ಎಲ್ಲ ಆರಾಮ ಅಜ್ಜಿ."

"ಹೋಗ್ಲಿ, ನಿನ್ನ ಸೊಂಟನೋವು?"

ಮತ್ತೆ ಸೊಸೆ ಮುಖ ನೋಡಿದಳು. "ಆರಾಮ." ಹಂಗಂದು ಗೋಡೆ ಹಿಡ್ಕೊಂಡು, ಮುಲುಗುತ್ತಾ ಎದ್ದು ಹೋದಳು.

ತಂಗಿ ಮನೆಯಲ್ಲಿ

ಒಂದು ಬೆಳಿಗ್ಗೆ ಸೊಸೆ ನನ್ನ ತಟ್ಟೆಗೆ ರೊಟ್ಟಿ ಮೇಲೆ ರೊಟ್ಟಿ ಹಾಕಿದಳು. "ಹೊಟ್ಟೆ ತುಂಬ ತಿನ್ನಿ ಅತ್ತೆ, ಚಿಕ್ಕತ್ತೆ ನೋಡೋಕೆ ಹೋಗೋಣ."

ಸಾವಿನ ಮನೆಯಲ್ಲಿ ಮಣ್ಣಾಗೋವರೆಗೂ ಒಲೆ ಹಚ್ಚಲ್ಲ. ನನಗೆ ತಿಳೀತು. ತಟ್ಟೆ ಸರಿಸಿ ಎದ್ದೆ. ಆದ್ರೆ ಕಾರು ಓಡಿಸೋ ಮಗ ರಸ್ತೆ ಬಿಟ್ಟು ನನ್ನ ಮುಖಾನೇ ನೋಡ್ತಿದ್ದ; ನಾನು ಅತ್ತರೆ ಎಲ್ಲರನ್ನೂ ಕೆರೆಗೆ ಇಳಿಸ್ತಾನೆ ಅಂತ ದಾರಿಯುದ್ದಕ್ಕೂ ಜೋಳದ ಬೆಳೆ ವಿಷಯ ಮಾತಾಡಿದೆ.

ಸೊರಬದ ಮನೆ ಅಂಗಳದ ತುಂಬ ಜನ, ಒಬ್ಬರದೂ ಸದ್ದಿಲ್ಲ. ನಡುಮನೆಯಲ್ಲಿ ನಮ್ಮ ಪದ್ಧತಿಯಂತೆ ತಂಗಿಯನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಸುತ್ತ ಕೂತ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನನ್ನನ್ನೇ ನೋಡ್ತಿದ್ರು. ಒಬ್ಬಳು ಹಲ್ಲು ಕಿರಿದು, "ಬಂದ್ರಾ ಅಕ್ಕ, ಬಿಸಿಲು ಜಾಸ್ತಿ ಅಲ್ವಾ?" ಅಂದಳು. ಅವಳ ಕಣ್ಣಿಂದ ನೀರು ಇಳೀತಿತ್ತು.

ತಂಗಿ ಗಂಡ ಎದ್ದು ಬಂದು ನನ್ನ ಕೈ ಹಿಡ್ಕೊಂಡ. "ಅಕ್ಕ, 'ಅವ್ವನ ಎದೆಗೆ ಆಗಲ್ಲ, ಯಾರೂ ಅಳಬ್ಯಾಡ್ರಿ' ಅಂತ ನಿಮ್ಮ ಮಗ ಫೋನ್ ಮಾಡಿದ್ದ. ಬೆಳಿಗ್ಗಿಂದ ಒಬ್ಬರೂ ಅತ್ತಿಲ್ಲ. ನಿಮ್ಮ ತಂಗಿ ಏನಂದ್ಕೊಂಡಾಳು? ನೀವೇ ಒಂಚೂರು ಶುರು ಮಾಡ್ರಿ."